ಕೋಳಿ ಡೈನೋಸಾರ್ ಹೌದಾ, ಅಲ್ವಾ? ಮಗನ ಉತ್ತರಕ್ಕೆ ತಪ್ಪು ಬಿದ್ದಿದೆ

ಮುಧೋಳದ ಅವ್ವ

ಎಲ್ಲರಿಗೂ ನಮಸ್ಕಾರ. ಒಂದು ವಿಷಯ ಕೇಳಬೇಕಿತ್ತು.

ನನ್ನ ಮಗ ಎಂಟನೇ ಕ್ಲಾಸು. ಕಳೆದ ವಾರ ವಿಜ್ಞಾನದ ಕಿರು ಪರೀಕ್ಷೆ ಇತ್ತು. ಸರಿ-ತಪ್ಪು ಗುರುತಿಸಿ ಅನ್ನುವ ಭಾಗದಲ್ಲಿ ಒಂದು ಸಾಲು: "ಡೈನೋಸಾರ್‌ಗಳೆಲ್ಲ ಅಳಿದುಹೋಗಿವೆ." ಇವನು ತಪ್ಪು ಅಂತ ಗುರುತು ಹಾಕಿ, ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ "ಕೋಳಿ ಇದೆಯಲ್ಲ" ಅಂತ ಬರೆದಿದ್ದಾನೆ. ಅದರ ಮೇಲೆ ಕೆಂಪು ಗೆರೆ ಬಿದ್ದಿದೆ.

ಒಂದು ಅಂಕದ ಚಿಂತೆ ನನಗಿಲ್ಲ. ಹುಡುಗ ಎರಡು ದಿನದಿಂದ ಸರಿಯಾಗಿ ಮಾತಾಡುತ್ತಿಲ್ಲ. ಸಂಜೆ ಬುಟ್ಟಿ ಮುಚ್ಚುವ ಹೊತ್ತಿಗೆ ಹಿತ್ತಲಲ್ಲಿ ಕೂತು ನಮ್ಮ ಜವಾರಿ ಕೋಳಿಗಳ ಕಾಲನ್ನೇ ನೋಡುತ್ತಿರುತ್ತಾನೆ. ಎಲ್ಲೋ ಓದಿಕೊಂಡು ಬರೆದಿದ್ದಾನೆ, ಸುಮ್ನೆ ಬರೆದದ್ದಲ್ಲ.

ಸೋಮವಾರ ಶಾಲೆಗೆ ಹೋಗಿ ಟೀಚರ್ ಹತ್ತಿರ ಮಾತಾಡಬೇಕು ಅಂತಿದ್ದೇನೆ. ಜಗಳಕ್ಕಲ್ಲ. ಆದರೆ ಮೊದಲು ನನಗೆ ವಿಷಯ ತಿಳಿದಿರಬೇಕು. ಕೋಳಿ ಡೈನೋಸಾರ್‌ನಿಂದ ಬಂತು ಅನ್ನುವುದು ಬೇರೆ, ಕೋಳಿಯೇ ಡೈನೋಸಾರ್ ಅನ್ನುವುದು ಬೇರೆ ಅಲ್ವಾ? ಯಾವುದು ಸರಿ? ಏನು ಆಧಾರ ಇಟ್ಟುಕೊಂಡು ಹೇಳುತ್ತಾರೆ?

ಕರದಂಟು ಪ್ರಿಯ

ಮಗ ಬರೆದದ್ದು ಸರಿ ಇದೆ ಅಕ್ಕಾ. ಧೈರ್ಯವಾಗಿ ಹೋಗಿ ಬನ್ನಿ.

ಎರೆಹೊಲ

ನನಗೆ ಒಪ್ಪಿಗೆ ಇಲ್ಲ. ಡೈನೋಸಾರ್ ಅಂದರೆ ಮನೆಯಷ್ಟು ದೊಡ್ಡ ಪ್ರಾಣಿ. ಕೋಳಿ ಅಂದರೆ ಕೋಳಿ. ಮುತ್ತಜ್ಜನ ಮುತ್ತಜ್ಜ ಏನಾಗಿದ್ದನೋ ಮೊಮ್ಮಗನೂ ಅದೇ ಅಂತ ಹೇಳಲು ಬರುತ್ತದಾ? ಪುಸ್ತಕದಲ್ಲಿ ಅಳಿದುಹೋದವು ಅಂತ ಇದ್ದರೆ ಟೀಚರ್ ಅದನ್ನೇ ನೋಡಿ ಅಂಕ ಹಾಕುತ್ತಾರೆ. ಅವರದೇನೂ ತಪ್ಪಿಲ್ಲ.

ಟಿಳಕವಾಡಿ ಮಾಸ್ತರ

ತಾಯಿ, ನಾನು ಪಿಯುಸಿಗೆ ಜೀವಶಾಸ್ತ್ರ ಕಲಿಸಿ ನಿವೃತ್ತನಾದವನು. ನಿಮ್ಮ ಮಗನ ಉತ್ತರ ಓದಿ ತುಂಬಾ ಸಂತೋಷವಾಯಿತು. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಕಥೆ 1861ರಿಂದ ಶುರು ಮಾಡೋಣ. ಜರ್ಮನಿಯ ಬವೇರಿಯಾದಲ್ಲಿ ಜೋಲ್ನ್‌ಹೋಫೆನ್ ಅಂತ ಊರಿದೆ. ಅಲ್ಲಿಯ ಸುಣ್ಣಕಲ್ಲು ನಮ್ಮ ಮನೆಗಳ ಶಹಾಬಾದ್ ಫರಸಿಯ ಹಾಗೆ ಹಾಳೆ ಹಾಳೆಯಾಗಿ ಏಳುತ್ತದೆ. ಅಂಥ ಒಂದು ಹಾಳೆಯಲ್ಲಿ ಸುಮಾರು 15 ಕೋಟಿ ವರ್ಷ ಹಿಂದಿನ ಒಂದು ಪ್ರಾಣಿ ಸಿಕ್ಕಿತು. ಹೆಸರು ಆರ್ಕಿಯಾಪ್ಟೆರಿಕ್ಸ್. ಅದಕ್ಕೆ ಹಕ್ಕಿಯಂಥ ಗರಿ, ಹಕ್ಕಿಯಂಥ ರೆಕ್ಕೆ. ಆದರೆ ರೆಕ್ಕೆಯಲ್ಲಿ ಉಗುರಿರುವ ಮೂರು ಬೆರಳು, ಹಲ್ಲಿಯಂತೆ ಮೂಳೆಗಳಿರುವ ಉದ್ದ ಬಾಲ. ಮುಂದೆ ಸಿಕ್ಕ ಇನ್ನೊಂದು ಮಾದರಿಯಲ್ಲಿ ಬಾಯಿತುಂಬ ಹಲ್ಲು ಸ್ಪಷ್ಟವಾಗಿ ಕಂಡವು. ಡಾರ್ವಿನ್ ತನ್ನ ವಿಕಾಸದ ವಾದ ಪ್ರಕಟಿಸಿ 1861ಕ್ಕೆ ಎರಡೇ ವರ್ಷ ಆಗಿತ್ತು. ಇಂಗ್ಲೆಂಡಿನ ಜೀವವಿಜ್ಞಾನಿ ಥಾಮಸ್ ಹೆನ್ರಿ ಹಕ್ಸ್‌ಲಿ ಆರ್ಕಿಯಾಪ್ಟೆರಿಕ್ಸ್ ಅನ್ನೂ ಅದೇ ಕಲ್ಲಿನಲ್ಲಿ ಸಿಕ್ಕಿದ್ದ ಕಾಂಪ್ಸೋಗ್ನೇಥಸ್ ಅನ್ನುವ ಸಣ್ಣ ಡೈನೋಸಾರನ್ನೂ ಜೋಡಿಸಿ ನೋಡಿ, ಇವೆರಡೂ ಹತ್ತಿರದ ಸಂಬಂಧಿಗಳು ಅಂತ ಹೇಳಿದ.

ನನಗೆ ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಅನಿಸುವುದು ಇನ್ನೊಂದು ಘಟನೆ. 1951ರಲ್ಲಿ ಅಲ್ಲೇ ಹತ್ತಿರ ಒಂದು ಸಣ್ಣ ಅಸ್ಥಿಪಂಜರ ಸಿಕ್ಕಿತು. ಇದು ಕಾಂಪ್ಸೋಗ್ನೇಥಸ್ ಅಂತ ಚೀಟಿ ಅಂಟಿಸಿ ಇಟ್ಟರು. ಸುಮಾರು ಇಪ್ಪತ್ತು ವರ್ಷ ಆದ ಮೇಲೆ ಯಾರೋ ಬೆಳಕು ಓರೆಯಾಗಿ ಬಿಟ್ಟು ನೋಡಿದಾಗ ಮಸುಕಾಗಿ ಗರಿಯ ಅಚ್ಚು ಕಂಡಿತು. ಅದು ಆರ್ಕಿಯಾಪ್ಟೆರಿಕ್ಸ್ ಆಗಿತ್ತು! ಯೋಚನೆ ಮಾಡಿ. ಗರಿ ಕಾಣದೇ ಹೋದಾಗ ಬಲ್ಲವರೇ ಅದನ್ನು ಡೈನೋಸಾರ್ ಅಂದುಕೊಂಡರು. ಮೂಳೆಗಳು ಅಷ್ಟು ಒಂದೇ ಥರ ಇದ್ದವು.

ಎರೆಹೊಲ

ಒಂದು ಹಕ್ಕಿಗೆ ಹಲ್ಲು ಇತ್ತು ಅಂದ ಮಾತ್ರಕ್ಕೆ ಎಲ್ಲ ಹಕ್ಕಿಗಳೂ ಡೈನೋಸಾರ್ ಆಗಿಬಿಡುತ್ತವಾ ಗುರುಗಳೇ? ಮತ್ತೆ ಅಷ್ಟು ಸ್ಪಷ್ಟ ಇದ್ದರೆ ನಾವು ಶಾಲೆಯಲ್ಲಿದ್ದಾಗ ಯಾಕೆ ಯಾರೂ ಹೇಳಲಿಲ್ಲ?

ಟಿಳಕವಾಡಿ ಮಾಸ್ತರ

ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದಿರಿ. ನಡುವೆ ಒಂದು ದೊಡ್ಡ ತಪ್ಪು ಆಯಿತು, ಅದಕ್ಕೆ.

ಡೆನ್ಮಾರ್ಕಿನ ಗೆರ್ಹಾರ್ಡ್ ಹೈಲ್ಮನ್ ಅನ್ನುವವರು 1926ರಲ್ಲಿ ಒಂದು ವಾದ ಮುಂದಿಟ್ಟರು. ಹಕ್ಕಿಗೆ ಎದೆಯ ಮುಂದೆ ಕವಲು ಮೂಳೆ ಇರುತ್ತದೆ. ಕೋಳಿ ತಿನ್ನುವವರಿಗೆ ಗೊತ್ತು, ಕವಣೆಯ ಕವಲಿನಂತೆ ಇರುತ್ತದಲ್ಲ, ಅದು. ಅದು ಆಗುವುದು ಎರಡು ಕೊರಳೆಲುಬು ಕೂಡಿ. ಡೈನೋಸಾರ್‌ಗಳಿಗೆ ಕೊರಳೆಲುಬೇ ಇಲ್ಲ, ಕಳೆದುಕೊಂಡ ಮೂಳೆ ಮತ್ತೆ ಹುಟ್ಟುವುದಿಲ್ಲ, ಆದ್ದರಿಂದ ಹಕ್ಕಿ ಅವುಗಳಿಂದ ಬಂದಿಲ್ಲ ಅಂದರು. ವಾದ ಬಹಳ ಅಚ್ಚುಕಟ್ಟಾಗಿತ್ತು. ಸುಮಾರು ನಲವತ್ತು ವರ್ಷ ಎಲ್ಲರೂ ಅದನ್ನೇ ನಂಬಿದರು.

ಆದರೆ ಡೈನೋಸಾರ್‌ಗೆ ಆ ಮೂಳೆ ಇತ್ತು. ಮಂಗೋಲಿಯಾದಲ್ಲಿ ಸಿಕ್ಕ ಓವಿರ್ಯಾಪ್ಟರ್ ಅನ್ನುವ ಡೈನೋಸಾರ್‌ನಲ್ಲೇ ಇತ್ತು. ಅದನ್ನು ಬೇರೆ ಯಾವುದೋ ಮೂಳೆ ಅಂತ ತಪ್ಪಾಗಿ ಗುರುತಿಸಿದ್ದರು. ಈಗ ಟಿರನೊಸಾರಸ್‌ನಲ್ಲೂ ಕವಲು ಮೂಳೆ ಸಿಕ್ಕಿದೆ.

1964ರಲ್ಲಿ ಅಮೆರಿಕದ ಮೊಂಟಾನಾದಲ್ಲಿ ಜಾನ್ ಓಸ್ಟ್ರಮ್ ಅವರಿಗೆ ಡೈನೊನೈಕಸ್ ಸಿಕ್ಕಿತು. ಚುರುಕಾಗಿ ಓಡುತ್ತಿದ್ದ, ಕಾಲಿನಲ್ಲಿ ಕುಡುಗೋಲಿನಂಥ ಉಗುರಿದ್ದ ಪ್ರಾಣಿ. ಅದರ ಮಣಿಕಟ್ಟು ಪಕ್ಕಕ್ಕೆ ಮಡಚುತ್ತಿತ್ತು, ಹಕ್ಕಿ ರೆಕ್ಕೆ ಮಡಚುವ ಹಾಗೆಯೇ. ಓಸ್ಟ್ರಮ್ 1970ರ ದಶಕದಲ್ಲಿ ಹಕ್ಸ್‌ಲಿಯ ಮಾತನ್ನು ಮತ್ತೆ ಎತ್ತಿ ಹಿಡಿದರು. ನಾವು ಕಾಲೇಜು ಕಲಿಯುವಾಗ ಅದು ಇನ್ನೂ ಜಗಳದ ವಿಷಯವಾಗಿತ್ತು. ಪುಸ್ತಕಕ್ಕೆ ಬರಲು ತಡವಾಯಿತು.

ಕೋಳಿಫಾರಂ ಅಥಣಿ

ಆ ಕವಲು ಮೂಳೆಯನ್ನು ದಿನಾ ನೋಡುತ್ತೇನೆ. ಅದರ ಹಿಂದೆ ಇಷ್ಟು ದೊಡ್ಡ ಕಥೆ ಇದೆ ಅಂತ ಗೊತ್ತಿರಲಿಲ್ಲ ಸರ್.

ಘಟಪ್ರಭಾ ಹಕ್ಕಿ

ಮಾಸ್ತರರು ಗರಿಯ ವಿಷಯ ಹೇಳುವುದು ಬಾಕಿ ಇದೆ, ನಾನು ಸೇರಿಸುತ್ತೇನೆ. 1996ರಲ್ಲಿ ಚೀನಾದ ಲಿಯಾವೊನಿಂಗ್ ಪ್ರಾಂತ್ಯದಲ್ಲಿ ಒಬ್ಬ ರೈತನಿಗೆ ಒಂದು ಪಳೆಯುಳಿಕೆ ಸಿಕ್ಕಿತು. ಹೆಸರು ಸಿನೊಸಾರಾಪ್ಟೆರಿಕ್ಸ್. ಅದು ಖಂಡಿತ ಹಕ್ಕಿ ಅಲ್ಲ, ರೆಕ್ಕೆಯೇ ಇಲ್ಲದ ಸಣ್ಣ ಡೈನೋಸಾರ್. ಆದರೆ ಬೆನ್ನಿನುದ್ದಕ್ಕೂ ಬಾಲದವರೆಗೂ ಎಳೆ ಎಳೆ ಪುಕ್ಕ! ಕೋಳಿಮರಿಯ ಮೈಮೇಲೆ ಇರುತ್ತದಲ್ಲ, ಆ ಥರ. ಹಾರಲು ಬಾರದ ಪ್ರಾಣಿಗೆ ಯಾಕೆ ಪುಕ್ಕ? ಮೈ ಬೆಚ್ಚಗಿಡಲು. ಅಥವಾ ನವಿಲಿನ ಹಾಗೆ ತೋರಿಸಿಕೊಳ್ಳಲು. ಗರಿ ಮೊದಲು ಬಂತು, ಹಾರಾಟ ಬಹಳ ಆಮೇಲೆ ಬಂತು.

2010ರಲ್ಲಿ ಅದರ ಬಣ್ಣವನ್ನೂ ಕಂಡುಹಿಡಿದರು. ಪುಕ್ಕದೊಳಗೆ ಬಣ್ಣದ ಸೂಕ್ಷ್ಮ ಕಣಗಳು ಕಲ್ಲಾಗಿ ಉಳಿದಿದ್ದವು. ಕಂದು-ಕೆಂಪು ಬಾಲ, ಅದರ ಮೇಲೆ ಬಿಳಿ ಪಟ್ಟೆ. 12 ಕೋಟಿ ವರ್ಷಕ್ಕೂ ಹಿಂದೆ ಸತ್ತ ಪ್ರಾಣಿಯ ಬಾಲದ ಬಣ್ಣ ಇವತ್ತು ನಮಗೆ ಗೊತ್ತು. ನನಗೆ ಇದನ್ನು ಓದಿದ ರಾತ್ರಿ ನಿದ್ದೆ ಬರಲಿಲ್ಲ.

ಆಮೇಲೆ ಅಲ್ಲಿ ಸಾಲು ಸಾಲಾಗಿ ಸಿಕ್ಕವು. ನಾಲ್ಕು ರೆಕ್ಕೆಯ ಮೈಕ್ರೊರ್ಯಾಪ್ಟರ್ ಸಿಕ್ಕಿತು. 2012ರಲ್ಲಿ ಯುಟಿರಾನಸ್ ಬಂತು, ಅದು ಸುಮಾರು 9 ಮೀಟರ್ ಉದ್ದ, ಅದಕ್ಕೂ ಪುಕ್ಕ. ಸಿನಿಮಾದಲ್ಲಿ ಆಳೆತ್ತರ ತೋರಿಸುತ್ತಾರಲ್ಲ ವೆಲೊಸಿರ್ಯಾಪ್ಟರ್, ಅದು ನಿಜದಲ್ಲಿ ಟರ್ಕಿ ಕೋಳಿಯಷ್ಟು. 2007ರಲ್ಲಿ ಅದರ ಮುಂಗೈ ಮೂಳೆಯ ಮೇಲೆ ಗರಿ ಕೂತಿದ್ದ ಗಂಟುಗಳು ಕಂಡವು. ಎರೆಹೊಲ ಅಣ್ಣಾ, ಡೈನೋಸಾರ್ ಎಲ್ಲ ಮನೆಯಷ್ಟು ದೊಡ್ಡವಿರಲಿಲ್ಲ.

ಎರೆಹೊಲ

ಚೀನಾದ್ದು ಅಂದಿರಿ ಅಂತ ಕೇಳುತ್ತೇನೆ. ಅಲ್ಲಿ ಒಂದು ನಕಲಿ ಸಿಕ್ಕಿ ದೊಡ್ಡ ಸುದ್ದಿ ಆಗಿತ್ತಲ್ಲ? ಎರಡು ಮೂರು ಪ್ರಾಣಿಗಳ ತುಂಡು ಅಂಟಿಸಿ ಮಾರಿದ್ದರಂತೆ. ನಂಬುವುದು ಹೇಗೆ?

ಘಟಪ್ರಭಾ ಹಕ್ಕಿ

ಹೌದು, ಆಗಿತ್ತು. 1999ರಲ್ಲಿ "ಆರ್ಕಿಯೊರ್ಯಾಪ್ಟರ್" ಅಂತ ಹೆಸರಿಟ್ಟು ಒಂದು ಪ್ರಸಿದ್ಧ ಪತ್ರಿಕೆಯಲ್ಲಿ ಹಾಕಿದ್ದರು. ಅದು ಮೋಸ ಅಂತ ಹಿಡಿದದ್ದು ಯಾರು ಗೊತ್ತಾ? ಗರಿ ಇರುವ ಡೈನೋಸಾರ್‌ಗಳ ಮೇಲೆಯೇ ಕೆಲಸ ಮಾಡುವ ಚೀನಾದ ವಿಜ್ಞಾನಿ ಶೂ ಶಿಂಗ್. ಅದೇ ಬಾಲದ ಇನ್ನೊಂದು ಮಗ್ಗುಲು ಬೇರೆ ಕಲ್ಲಿನಲ್ಲಿ ಅವರ ಕಣ್ಣಿಗೆ ಬಿತ್ತು, ಅದಕ್ಕೆ ಸೇರಿದ ಮೈ ಬೇರೆಯೇ ಇತ್ತು. ಪ್ರಕಟವಾದ ಕೆಲವೇ ತಿಂಗಳಲ್ಲಿ ಬಯಲಾಯಿತು. ಆ ಬಾಲ ಮೈಕ್ರೊರ್ಯಾಪ್ಟರ್‌ದು, ಅದೂ ನಿಜವಾದ ಡೈನೋಸಾರೇ. ಒಂದು ಖೋಟಾ ನೋಟು ಸಿಕ್ಕಿತು ಅಂತ ಎಲ್ಲ ನೋಟು ಖೋಟಾ ಆಗುವುದಿಲ್ಲ ಅಣ್ಣಾ.

ಎರೆಹೊಲ

ಸರಿ, ಅದನ್ನು ಒಪ್ಪುತ್ತೇನೆ.

ಇಂಡಿ ಲಿಂಬೆ

ನಡುವೆ ಬಂದೆ, ಕ್ಷಮಿಸಿ. ಮುಧೋಳದವರು ಅಂದಿರಲ್ಲ ಅಕ್ಕಾ, ಅಲ್ಲಿ ಮುಧೋಳ ನಾಯಿಮರಿ ಒಳ್ಳೆಯ ತಳಿ ಎಲ್ಲಿ ಸಿಗುತ್ತದೆ?

ಮುಧೋಳದ ಅವ್ವ

ತಿಮ್ಮಾಪುರದಲ್ಲಿ ನಾಯಿ ಸಂಶೋಧನಾ ಕೇಂದ್ರ ಇದೆ ತಮ್ಮಾ, ಅಲ್ಲಿ ವಿಚಾರಿಸು. ಇಲ್ಲಿ ಮಾತ್ರ ಕೋಳಿ ಬಗ್ಗೆ ಮಾತಾಡೋಣ.

ಟಿಳಕವಾಡಿ ಮಾಸ್ತರ

ನಾಯಿಯ ಮಾತು ಬಂದದ್ದು ಒಳ್ಳೆಯದೇ ಆಯಿತು. ಮುಧೋಳ ನಾಯಿಯೂ ತೋಳದ ವಂಶದ್ದೇ. ಸಣ್ಣ ಸೊಂಟ, ಉದ್ದ ಕಾಲು, ನೋಡಿದರೆ ತೋಳ ಅನಿಸುವುದಿಲ್ಲ. ಆದರೂ ನಾಯಿಯನ್ನು ತೋಳದ ಕುಲದಿಂದ ಹೊರಗೆ ಹಾಕಲು ಆಗುವುದಿಲ್ಲ. ಅದು ಹತ್ತು ಸಾವಿರಕ್ಕೂ ಹೆಚ್ಚು ವರ್ಷದ ಬದಲಾವಣೆ. ಕೋಳಿಯದು ಕೋಟಿಗಟ್ಟಲೆ ವರ್ಷದ ಬದಲಾವಣೆ.

ಜಮಖಂಡಿ ಮಾಮಾ

ನನ್ನ ಅನುಭವ ಹೇಳುತ್ತೇನೆ. 2010ರ ಆಸುಪಾಸಿನಲ್ಲಿ ಎಮು ಸಾಕಣೆಯ ಹುಚ್ಚು ಹಬ್ಬಿತ್ತಲ್ಲ. ನಾನೂ ಆರು ಜೋಡಿ ತಂದೆ. ಮರಿ ಕೊಟ್ಟವರು ದೊಡ್ಡವಾದ ಮೇಲೆ ತಾವೇ ಕೊಳ್ಳುತ್ತೇವೆ ಅಂತ ಬರೆದುಕೊಟ್ಟಿದ್ದರು. ಆಮೇಲೆ ಫೋನೂ ಎತ್ತಲಿಲ್ಲ. ಆ ನಷ್ಟದ ಮಾತು ಬಿಡಿ.

ಆದರೆ ಆ ಹಕ್ಕಿಗಳನ್ನು ಮೂರು ವರ್ಷ ಹತ್ತಿರದಿಂದ ನೋಡಿದೆ. ಮೂರು ಬೆರಳಿನ ಕಾಲು, ಒಂದೊಂದು ಉಗುರೂ ಹೆಬ್ಬೆರಳು ಗಾತ್ರ. ಓಡುವಾಗ ತಲೆ ಮುಂದೆ ಚಾಚಿ, ಮೈ ನೆಲಕ್ಕೆ ಸಮನಾಗಿ ಇಟ್ಟು ಓಡುತ್ತವೆ. ಒಂದು ದಿನ ಬೇಲಿ ದಾಟಿ ಕಬ್ಬಿನ ಗದ್ದೆಗೆ ನುಗ್ಗಿದಾಗ ಹಿಂದಿನಿಂದ ನೋಡಿ ನನ್ನ ಮೈ ಜುಮ್ಮೆಂದಿತು. ಇದು ಈ ಕಾಲದ ಪ್ರಾಣಿ ಅಲ್ಲ ಅನಿಸಿತು. ಮೊಟ್ಟೆ ಕಡು ಹಸಿರು. ಕಾವಿಗೆ ಕೂರುವುದು ಗಂಡು. ಹೆಣ್ಣು ಮೊಟ್ಟೆ ಇಟ್ಟು ಹೊರಟುಬಿಡುತ್ತದೆ. ಗಂಡು ಸುಮಾರು ಎಂಟು ವಾರ ಸರಿಯಾಗಿ ತಿನ್ನದೆ, ಕುಡಿಯದೆ ಕೂತಿರುತ್ತದೆ. ಅದನ್ನು ನೋಡಿ ಕಣ್ಣಲ್ಲಿ ನೀರು ಬರುತ್ತಿತ್ತು.

ಘಟಪ್ರಭಾ ಹಕ್ಕಿ

ಮಾಮಾ, ನೀವು ನೋಡಿದ್ದು ಎಷ್ಟು ದೊಡ್ಡ ವಿಷಯ ಗೊತ್ತಾ? ಓವಿರ್ಯಾಪ್ಟರ್ ಬಳಗದ ಡೈನೋಸಾರ್‌ಗಳ ಮೊಟ್ಟೆಚಿಪ್ಪಿನಲ್ಲಿ ನೀಲಿ-ಹಸಿರು ಬಣ್ಣದ ಅಂಶ ಸಿಕ್ಕಿದೆ. ಬಣ್ಣದ ಮೊಟ್ಟೆ ಹಕ್ಕಿಗಳದ್ದು ಮಾತ್ರ ಅಂದುಕೊಂಡಿದ್ದರು, ಅದು ಅದಕ್ಕೂ ಹಳೆಯದು. ಮತ್ತೆ ಆ ಬಳಗದ ಕೆಲವು ಡೈನೋಸಾರ್‌ಗಳಲ್ಲಿ ಕಾವಿಗೆ ಕೂತದ್ದು ಗಂಡೇ ಇರಬೇಕು ಅಂತ ಕೆಲವು ವಿಜ್ಞಾನಿಗಳು ವಾದ ಮಾಡಿದ್ದಾರೆ. ಅದರ ಮೇಲೆ ಇನ್ನೂ ಚರ್ಚೆ ಇದೆ.

ಓವಿರ್ಯಾಪ್ಟರ್ ಕಥೆ ಹೇಳಲೇಬೇಕು. 1924ರಲ್ಲಿ ಆ ಹೆಸರಿಟ್ಟರು. ಹೆಸರಿನ ಅರ್ಥ ಮೊಟ್ಟೆ ಕಳ್ಳ. ಯಾಕೆಂದರೆ ಅದು ಸಿಕ್ಕಿದ್ದು ಮೊಟ್ಟೆಗಳ ಗೂಡಿನ ಮೇಲೆ. ಬೇರೆ ಡೈನೋಸಾರ್‌ನ ಮೊಟ್ಟೆ ಕದಿಯಲು ಬಂದು ಸತ್ತಿದೆ ಅಂದುಕೊಂಡರು. 1993ರಲ್ಲಿ ಅದೇ ಥರದ ಮೊಟ್ಟೆಯೊಳಗೆ ಪುಟ್ಟ ಮರಿಯ ಮೂಳೆ ಸಿಕ್ಕಿತು. ಅದು ಓವಿರ್ಯಾಪ್ಟರ್ ಬಳಗದ ಮರಿಯೇ! ಅದೇ ಗೋಬಿ ಮರುಭೂಮಿಯಲ್ಲಿ ಅದರ ಸಂಬಂಧಿ ಸಿಟಿಪಾಟಿಯ ಪಳೆಯುಳಿಕೆ ಸಿಕ್ಕಿದೆ. ಎರಡೂ ಮುಂಗೈ ಚಾಚಿ ಮೊಟ್ಟೆಗಳನ್ನು ಅಪ್ಪಿಕೊಂಡು ಕೂತ ಹಾಗೇ ಮರಳಿನಡಿ ಹೂತುಹೋಗಿದೆ. ಎಪ್ಪತ್ತು ವರ್ಷ ನಾವು ಕಳ್ಳ ಅಂದದ್ದು ಕಾವು ಕೂತ ತಾಯಿಗೋ ತಂದೆಗೋ.

ಮುಧೋಳದ ಅವ್ವ

ಇದನ್ನು ಈಗಲೇ ಮಗನಿಗೆ ಓದಿ ಹೇಳಿದೆ. ನಮ್ಮ ಹಿತ್ತಲಲ್ಲೂ ಒಂದು ಕಾವಿಗೆ ಕೂತಿದೆ, ಹನ್ನೊಂದು ಮೊಟ್ಟೆ. ಹತ್ತಿರ ಹೋದರೆ ರೆಕ್ಕೆ ಅಗಲ ಮಾಡಿ ಮೈ ಉಬ್ಬಿಸುತ್ತದೆ. ಮಗ ಹೋಗಿ ಅದರ ಮುಂದೆ ಕೂತಿದ್ದಾನೆ.

ಕೋಳಿಫಾರಂ ಅಥಣಿ

ಮೊಟ್ಟೆಯ ಮಾತು ಬಂತು ಅಂತ ಹೇಳುತ್ತೇನೆ. ಹೋದ ವರ್ಷ ನಮ್ಮ ಶೆಡ್ಡಿನಲ್ಲಿ ಅಂಗೈ ತುಂಬುವಷ್ಟು ದೊಡ್ಡ ಮೊಟ್ಟೆ ಸಿಕ್ಕಿತ್ತು. ಒಡೆದರೆ ಒಳಗೆ ಹಳದಿಯ ಜೊತೆ ಇನ್ನೊಂದು ಪೂರ್ತಿ ಮೊಟ್ಟೆ, ಚಿಪ್ಪು ಸಮೇತ. ಮನೆಯಲ್ಲಿ ಅಪಶಕುನ ಅಂದರು. ನಮ್ಮ ಪಶುವೈದ್ಯರು ಹೇಳಿದ್ದು: ತಯಾರಾದ ಮೊಟ್ಟೆ ಹೊರಗೆ ಬರದೆ ಹಿಂದಕ್ಕೆ ಸರಿದರೆ ಅದರ ಸುತ್ತ ಇನ್ನೊಂದು ಮೊಟ್ಟೆ ಕಟ್ಟುತ್ತದೆ, ಕೋಳಿ ಗಾಬರಿಯಾದಾಗ ಹೀಗೆ ಆಗುವುದುಂಟು. ಇದು ಡೈನೋಸಾರ್‌ಗೂ ಆಗುತ್ತಿತ್ತಾ?

ಕಲ್ಲುಗಣಿ ಇಳಕಲ್

ಅಣ್ಣಾ, ಅದು ನಮ್ಮ ದೇಶದಲ್ಲೇ ಸಿಕ್ಕಿದೆ! ಮಧ್ಯಪ್ರದೇಶದ ಧಾರ್ ಜಿಲ್ಲೆಯಲ್ಲಿ. 2022ರಲ್ಲಿ ದೆಹಲಿ ವಿಶ್ವವಿದ್ಯಾಲಯದವರು ಪ್ರಕಟಿಸಿದರು. ಟೈಟನೊಸಾರ್ ಮೊಟ್ಟೆಯೊಳಗೆ ಇನ್ನೊಂದು ಮೊಟ್ಟೆ. ಅಲ್ಲಿಯವರೆಗೆ ಮೊಟ್ಟೆಯೊಳಗೆ ಮೊಟ್ಟೆ ಅನ್ನುವುದು ಹಕ್ಕಿಗಳಲ್ಲಿ ಮಾತ್ರ ಗೊತ್ತಿತ್ತು. ಅದೇ ನರ್ಮದಾ ಕಣಿವೆಯಲ್ಲಿ 92 ಗೂಡು, 256 ಮೊಟ್ಟೆ ಸಿಕ್ಕಿದ್ದು 2023ರಲ್ಲಿ ವರದಿಯಾಯಿತು. ಅಲ್ಲಿಯ ಹಳ್ಳಿಯವರು ಆ ಗುಂಡು ಕಲ್ಲುಗಳನ್ನು ಹೊಲ ಕಾಯುವ ದೇವರು ಅಂತ ತಲೆಮಾರುಗಳಿಂದ ಪೂಜೆ ಮಾಡುತ್ತಿದ್ದರು.

ಟಿಳಕವಾಡಿ ಮಾಸ್ತರ

ಒಂದು ತಿದ್ದುಪಡಿ. ಟೈಟನೊಸಾರ್ ಉದ್ದ ಕತ್ತಿನ, ನಾಲ್ಕು ಕಾಲಿನ, ಸೊಪ್ಪು ತಿನ್ನುವ ಡೈನೋಸಾರ್. ಹಕ್ಕಿಗಳು ಬಂದದ್ದು ಅದರಿಂದ ಅಲ್ಲ. ಎರಡು ಕಾಲಿನ ಥೆರೊಪಾಡ್ ಅನ್ನುವ ಬೇರೆ ಕವಲಿನಿಂದ. ಆ ಮೊಟ್ಟೆ ತೋರಿಸುವುದು ಏನೆಂದರೆ, ಮೊಟ್ಟೆ ಕಟ್ಟುವ ಒಳಗಿನ ಏರ್ಪಾಡು ದೂರದ ದಾಯಾದಿಗಳಲ್ಲೂ ಕೋಳಿಯ ಹಾಗೆ ಇದ್ದಿರಬಹುದು.

ಇಲ್ಲೇ ಇನ್ನೊಂದು ಗೊಂದಲ ತೆಗೆದುಬಿಡುತ್ತೇನೆ, ಪ್ರತಿ ವರ್ಷ ಮಕ್ಕಳು ತಪ್ಪು ಮಾಡುತ್ತಿದ್ದರು. 1887ರಲ್ಲಿ ಸೀಲಿ ಅನ್ನುವವರು ಡೈನೋಸಾರ್‌ಗಳನ್ನು ಸೊಂಟದ ಮೂಳೆ ನೋಡಿ ಎರಡು ಗುಂಪು ಮಾಡಿದರು. ಒಂದು ಹಲ್ಲಿ ಸೊಂಟದವು, ಇನ್ನೊಂದು ಹಕ್ಕಿ ಸೊಂಟದವು. ಹೆಸರು ಕೇಳಿ ಹಕ್ಕಿಗಳು ಎರಡನೆಯದರಿಂದ ಬಂದವು ಅಂದುಕೊಳ್ಳುತ್ತಾರೆ. ಅಲ್ಲ. ಬಂದದ್ದು ಹಲ್ಲಿ ಸೊಂಟದ ಗುಂಪಿನಿಂದ. ಸೊಂಟದ ಆಕಾರ ಆಮೇಲೆ ಬದಲಾಯಿತು.

ಬೀಳಗಿ ಹುಡುಗಿ

ಹಾಗಾದರೆ ಚರ್ಮದ ರೆಕ್ಕೆಯ ಹಾರುವ ಡೈನೋಸಾರ್ ಇತ್ತಲ್ಲ ಸರ್, ಅದರಿಂದ ಹಕ್ಕಿ ಬಂದಿಲ್ಲವಾ?

ಟಿಳಕವಾಡಿ ಮಾಸ್ತರ

ಇಲ್ಲ ಮಗಳೇ. ಅದು ಟೆರೊಸಾರ್. ಅದು ಡೈನೋಸಾರೇ ಅಲ್ಲ, ದಾಯಾದಿ. ಅದರ ರೆಕ್ಕೆ ಒಂದೇ ಒಂದು ಉದ್ದ ಬೆರಳಿಗೆ ಬಿಗಿದ ಚರ್ಮ. ಆ ವಂಶ ಪೂರ್ತಿ ಮುಗಿದುಹೋಯಿತು.

ಎರೆಹೊಲ

ಗುರುಗಳೇ, ಈಗ ಮುಖ್ಯ ಮಾತಿಗೆ ಬರುತ್ತೇನೆ. ಸಂಬಂಧ ಇದೆ ಅನ್ನುವುದನ್ನು ಒಪ್ಪಿದೆ. ಆದರೆ ಅವ್ವ ಕೇಳಿದ್ದು ಕೋಳಿಯೇ ಡೈನೋಸಾರಾ ಅಂತ. ಮೂಲದ ಲೆಕ್ಕ ಹಿಡಿದರೆ ಮನುಷ್ಯನೂ ಮೀನಿನಿಂದಲೇ ಬಂದವನು. ನಾನು ಮೀನು ಅಂತ ಯಾರಾದರೂ ಹೇಳುತ್ತಾರಾ? ಒಂದು ಕಡೆ ಗೆರೆ ಎಳೆಯಲೇಬೇಕಲ್ಲ.

ಟಿಳಕವಾಡಿ ಮಾಸ್ತರ

ಇದು ನಿಜವಾದ ವಾದ. ಒಂದು ಉದಾಹರಣೆ ಕೊಡುತ್ತೇನೆ.

ಊರಲ್ಲಿ ಒಂದು ದೊಡ್ಡ ಮನೆತನ ಇದೆ ಅಂದುಕೊಳ್ಳಿ. ಆರು ಅಣ್ಣತಮ್ಮಂದಿರು. ಒಬ್ಬ ಬೇರೆ ದೇಶಕ್ಕೆ ಹೋಗಿ, ಉಡುಪು ಬದಲಿಸಿ, ಮಾತು ಬದಲಿಸಿ, ಅಲ್ಲೇ ನೆಲೆಸಿದ. ಊರಿನಲ್ಲಿ ಪ್ಲೇಗ್ ಬಂದು ಉಳಿದ ಐವರ ಮನೆಯೂ ಬರಿದಾಯಿತು. ಆಗ ಆ ಮನೆತನ ಮುಗಿಯಿತು ಅನ್ನಬಹುದಾ? ಆರನೆಯವನ ಮೊಮ್ಮಕ್ಕಳು ಇದ್ದಾರಲ್ಲ. ಅವರ ಉಡುಪು ನೋಡಿ ನೀವು ಈ ಮನೆಯವರಲ್ಲ ಅನ್ನಲು ಆಗುವುದಿಲ್ಲ. ಈಗ ಜೀವಶಾಸ್ತ್ರದಲ್ಲಿ ಗುಂಪು ಮಾಡುವುದು ಹೀಗೆಯೇ. ರೂಪ ನೋಡಿ ಅಲ್ಲ, ವಂಶ ನೋಡಿ. ಒಬ್ಬ ಮೂಲಪುರುಷ, ಅವನ ಎಲ್ಲ ಸಂತತಿ, ಯಾರನ್ನೂ ಬಿಡದೆ. ಆ ಲೆಕ್ಕದಲ್ಲಿ ಹಕ್ಕಿ ಡೈನೋಸಾರೇ.

ಮೀನಿನ ಮಾತು ಸರಿ ಇದೆ. ವಂಶದ ಲೆಕ್ಕದಲ್ಲಿ ನಾವೂ ಮೂಳೆಮೀನಿನ ಕವಲಿಗೆ ಸೇರಿದವರು, ವಿಜ್ಞಾನಿಗಳು ಅದನ್ನೂ ಹಾಗೇ ಹೇಳುತ್ತಾರೆ. ಆದರೆ ಸಂತೆಯಲ್ಲಿ "ಮೀನು" ಅನ್ನುವುದು ಬಳಕೆಯ ಮಾತು. ಅದೇ ಥರ "ಡೈನೋಸಾರ್" ಅನ್ನುವುದನ್ನೂ ಬಳಕೆಯ ಮಾತಾಗಿ, ಹಳೆಯ ಕಾಲದವು ಅನ್ನುವ ಅರ್ಥದಲ್ಲಿ ಹೇಳುವವರಿದ್ದಾರೆ. ಟೀಚರ್ ಆ ಅರ್ಥದಲ್ಲಿ ಕೇಳಿದ್ದಾರೆ, ಹುಡುಗ ಇನ್ನೊಂದು ಅರ್ಥದಲ್ಲಿ ಉತ್ತರ ಕೊಟ್ಟಿದ್ದಾನೆ. "ಹಕ್ಕಿಗಳನ್ನು ಬಿಟ್ಟು ಉಳಿದ ಡೈನೋಸಾರ್‌ಗಳು ಅಳಿದವು" ಅಂತ ಪ್ರಶ್ನೆ ಇದ್ದಿದ್ದರೆ ಗೊಂದಲವೇ ಇರುತ್ತಿರಲಿಲ್ಲ.

ಎರೆಹೊಲ

ಮನೆತನದ ಲೆಕ್ಕ ಮನಸ್ಸಿಗೆ ಹತ್ತಿತು. ಆದರೂ ಪರೀಕ್ಷೆಯಲ್ಲಿ ಪುಸ್ತಕ ಇದ್ದ ಹಾಗೆ ಬರೆಯಬೇಕು ಅನ್ನುವುದು ನನ್ನ ಮಾತು, ಅದನ್ನು ಬಿಡುವುದಿಲ್ಲ. ನಮ್ಮ ಮಕ್ಕಳಿಗೆ ಅಂಕವೂ ಬೇಕು.

ಕರದಂಟು ಪ್ರಿಯ

ತಿಳಿದದ್ದನ್ನು ಬರೆದ ಮಗುವಿಗೆ ತಪ್ಪು ಹಾಕಿದರೆ ನಾಳೆ ಅದು ತಿಳಿದುಕೊಳ್ಳುವುದನ್ನೇ ಬಿಡುತ್ತದೆ ಅಣ್ಣಾ. ನಾನು ಒಪ್ಪುವುದಿಲ್ಲ.

ಬೀಳಗಿ ಹುಡುಗಿ

ನಮ್ಮ ಕಡೆ ಡೈನೋಸಾರ್ ಮೂಳೆ ಯಾಕೆ ಸಿಗುವುದಿಲ್ಲ? ಗುಜರಾತ್, ಮಧ್ಯಪ್ರದೇಶ ಅಂತಲೇ ಕೇಳುತ್ತೇವೆ. ಇಲ್ಲಿ ಡೈನೋಸಾರ್ ಇರಲೇ ಇಲ್ಲವಾ?

ಕಲ್ಲುಗಣಿ ಇಳಕಲ್

ಇದಕ್ಕೆ ನಾನು ಉತ್ತರ ಕೊಡುತ್ತೇನೆ ತಂಗಿ, ಕಲ್ಲು ನನ್ನ ಕೆಲಸ. ಇದ್ದಿರಬೇಕು. ಉಳಿಯಲು ಜಾಗ ಇರಲಿಲ್ಲ. ಮೂಳೆ ಕಲ್ಲಾಗಬೇಕಾದರೆ ಸರಿಯಾದ ಕಾಲದಲ್ಲಿ ಅದರ ಮೇಲೆ ಕೆಸರೋ ಮರಳೋ ಕೂತು ಗಟ್ಟಿಯಾಗಬೇಕು.

ಬಾದಾಮಿಯ ಕೆಂಪು ಮರಳುಗಲ್ಲು ನೋಡಿ, ಗೋಕಾಕ ಫಾಲ್ಸಿನ ಬಂಡೆ ನೋಡಿ, ಬಾಗಲಕೋಟೆಯ ಸಿಮೆಂಟಿಗೆ ಹೋಗುವ ಸುಣ್ಣಕಲ್ಲು ನೋಡಿ. ಇವೆಲ್ಲ ಕೆಸರು-ಮರಳಿನಿಂದ ಆದ ಕಲ್ಲೇ. ಆದರೆ 50 ಕೋಟಿ ವರ್ಷಕ್ಕಿಂತಲೂ ಹಳೆಯವು. ಡೈನೋಸಾರ್ ಹುಟ್ಟಿದ್ದು ಸುಮಾರು 23 ಕೋಟಿ ವರ್ಷ ಹಿಂದೆ. ಬಾದಾಮಿಯ ಬಂಡೆ ಆದಾಗ ಮೂಳೆ ಇರುವ ಪ್ರಾಣಿಯೇ ಇರಲಿಲ್ಲ. ನಮ್ಮ ಇಳಕಲ್ ಗ್ರಾನೈಟ್ ಅಂತೂ ಅದಕ್ಕೂ ಎಷ್ಟೋ ಹಳೆಯದು.

ಇನ್ನು ವಿಜಯಪುರ ಮತ್ತು ಬೆಳಗಾವಿಯ ಬಡಗಣ ಭಾಗ. ಅಲ್ಲಿಯ ಕರಿಗಲ್ಲು ಲಾವಾ. ಸುಮಾರು 6.6 ಕೋಟಿ ವರ್ಷದ ಆಚೀಚೆ ನೆಲ ಬಿರಿದು ಹರಿದದ್ದು, ದಖ್ಖನ್ ಟ್ರ್ಯಾಪ್ ಅನ್ನುತ್ತಾರೆ. ಈಗಲೂ ಸುಮಾರು 5 ಲಕ್ಷ ಚದರ ಕಿಲೋಮೀಟರ್ ನೆಲವನ್ನು ಮುಚ್ಚಿದೆ. ಕಾಯ್ದ ಲಾವಾದಲ್ಲಿ ಮೂಳೆ ಉಳಿಯುವುದಿಲ್ಲ. ಕೆಳಗೆ ಏನಾದರೂ ಇದ್ದರೆ ಅದರ ಮೇಲೆ ಇಷ್ಟು ದಪ್ಪ ಕಲ್ಲು ಕೂತಿದೆ.

ಒಂದು ಮಾತು ನೆನಪಿಡಿ. ಗೋಲ ಗುಮ್ಮಟ ಕಟ್ಟಿದ್ದು ಅದೇ ಕರಿಗಲ್ಲಿನಿಂದ. ಡೈನೋಸಾರ್‌ಗಳ ಕೊನೆಯ ದಿನಗಳ ಹೊತ್ತಿನಲ್ಲಿ ಹರಿದ ಬೆಂಕಿ ಆರಿ ಆದ ಕಲ್ಲು ಅದು. ಅದರ ಸಂದಿಯಲ್ಲಿ ಈಗ ಪಾರಿವಾಳ ಗೂಡು ಕಟ್ಟಿವೆ.

ಎರೆಹೊಲ

ನಮ್ಮ ಎರೆಮಣ್ಣು ಆ ಕಲ್ಲು ಸವೆದು ಆದದ್ದೇ ಅಂತ ಕೃಷಿ ಇಲಾಖೆಯವರು ಹೇಳಿದ್ದರು. ಅದರ ವಯಸ್ಸು ಇಷ್ಟು ಅಂತ ಗೊತ್ತಿರಲಿಲ್ಲ. ನಾಳೆ ಹೊಲಕ್ಕೆ ಹೋದಾಗ ಬೇರೆ ಥರ ನೋಡುತ್ತೇನೆ.

ಬೀಳಗಿ ಹುಡುಗಿ

ಹಾಗಾದರೆ ಡೈನೋಸಾರ್ ಸತ್ತದ್ದು ಈ ಲಾವಾದಿಂದಲಾ? ಉಲ್ಕೆ ಬಿತ್ತು ಅಂತ ಓದಿದ್ದೆ.

ಕಲ್ಲುಗಣಿ ಇಳಕಲ್

ಮುಖ್ಯ ಹೊಡೆತ ಮೆಕ್ಸಿಕೋದ ಚಿಕ್ಷುಲುಬ್‌ನಲ್ಲಿ ಬಿದ್ದ ಆಕಾಶದ ಬಂಡೆಯದು ಅಂತ ಹೆಚ್ಚಿನವರು ಹೇಳುತ್ತಾರೆ. ನಮ್ಮ ಲಾವಾದ ಪಾಲು ಎಷ್ಟು ಅನ್ನುವುದು ಇನ್ನೂ ಜಗಳದಲ್ಲಿದೆ.

ಘಟಪ್ರಭಾ ಹಕ್ಕಿ

ಆ ಹೊಡೆತಕ್ಕೆ ಹಕ್ಕಿಗಳಲ್ಲೂ ಬಹಳ ಸತ್ತವು. ಹಲ್ಲಿದ್ದ ಹಕ್ಕಿಗಳ ವಂಶ ಒಂದೂ ಉಳಿಯಲಿಲ್ಲ. ಕಾಡು ಸುಟ್ಟಾಗ ನೆಲದ ಮೇಲೆ ಬದುಕುವ, ಕೊಕ್ಕಿನಿಂದ ಕಾಳು ಹೆಕ್ಕುವ ಸಣ್ಣ ಹಕ್ಕಿಗಳು ಉಳಿದವು ಅಂತ ಒಂದು ವಾದ ಇದೆ. ಗಿಡ ಸುಟ್ಟರೂ ಮಣ್ಣಲ್ಲಿ ಬೀಜ ಇರುತ್ತದಲ್ಲ. ತಿಪ್ಪೆ ಕೆದರುವ ಕೋಳಿಯನ್ನು ನೋಡಿದಾಗೆಲ್ಲ ನನಗೆ ಇದೇ ನೆನಪಾಗುತ್ತದೆ.

ಇವತ್ತು ಜಗತ್ತಿನಲ್ಲಿ ಸುಮಾರು 11 ಸಾವಿರ ಬಗೆಯ ಹಕ್ಕಿಗಳಿವೆ. ಹಾಲೂಡುವ ಪ್ರಾಣಿಗಳಿಗಿಂತ ಜಾಸ್ತಿ. ಚಳಿಗಾಲದಲ್ಲಿ ಧುಪದಾಳಕ್ಕೆ ಬನ್ನಿ ಎಲ್ಲರೂ, ದೂರದೇಶದ ಕ್ರೇನ್ ಹಕ್ಕಿಗಳು ಬಂದಿರುತ್ತವೆ. ಹೆಜ್ಜೆ ಎತ್ತಿ ಇಡುವುದನ್ನು ಸುಮ್ನೆ ಹತ್ತು ನಿಮಿಷ ನೋಡಿ.

ಇಂಡಿ ಲಿಂಬೆ

ಆಲಮಟ್ಟಿ ಹಿನ್ನೀರಿಗೂ ರಾಜಹಂಸ ಬರುತ್ತವೆ.

ಜಮಖಂಡಿ ಮಾಮಾ

ನಮ್ಮ ಕೃಷ್ಣಾ ನದಿಯಲ್ಲಿ ಮೊಸಳೆ ಇವೆಯಲ್ಲ. ಅವೂ ಇವುಗಳ ಸಂಬಂಧಿಯಾ?

ಟಿಳಕವಾಡಿ ಮಾಸ್ತರ

ಬದುಕಿರುವ ಪ್ರಾಣಿಗಳಲ್ಲಿ ಹಕ್ಕಿಗೆ ಎಲ್ಲಕ್ಕಿಂತ ಹತ್ತಿರದ ಸಂಬಂಧಿ ಮೊಸಳೆಯೇ. ಹಲ್ಲಿಗೆ ಮೊಸಳೆ ಎಷ್ಟು ಹತ್ತಿರವೋ ಅದಕ್ಕಿಂತ ಕೋಳಿಗೆ ಹತ್ತಿರ. ಎರಡರ ಹೃದಯಕ್ಕೂ ನಾಲ್ಕು ಕೋಣೆ. ಎರಡೂ ಗೂಡು ಕಾಯುತ್ತವೆ, ಮರಿ ನೋಡಿಕೊಳ್ಳುತ್ತವೆ. ಸುಮಾರು 25 ಕೋಟಿ ವರ್ಷ ಹಿಂದೆ ದಾರಿ ಬೇರೆಯಾಯಿತು.

ಬೀಳಗಿ ಹುಡುಗಿ

ನಾವು ಮನೆಯಲ್ಲಿ ಮಾಂಸ ಮಾಡುವುದಿಲ್ಲ ಸರ್. ಮೂಳೆ ನೋಡದೆ ಇದನ್ನು ತಮ್ಮನಿಗೆ ತೋರಿಸುವುದು ಹೇಗೆ?

ಕೋಳಿಫಾರಂ ಅಥಣಿ

ಕೋಳಿ ನಡೆಯುವುದನ್ನು ತೋರಿಸಿ ತಂಗಿ. ತೊಡೆ ಮೈಗೆ ಅಂಟಿಕೊಂಡಿರುತ್ತದೆ, ನಡೆಯುವುದೆಲ್ಲ ಮೊಣಕಾಲಿನ ಕೆಳಗೆ. ಮಲಗುವುದನ್ನೂ ತೋರಿಸಿ. ಕಾಲು ಮಡಚಿ, ತಲೆ ಹಿಂದೆ ತಿರುಗಿಸಿ ರೆಕ್ಕೆಯಡಿ ಇಟ್ಟು ಮಲಗುತ್ತದೆ.

ಘಟಪ್ರಭಾ ಹಕ್ಕಿ

ಎರಡಕ್ಕೂ ಡೈನೋಸಾರ್ ಸಾಕ್ಷಿ ಇದೆ! 2004ರಲ್ಲಿ ಮೆಯ್ ಲಾಂಗ್ ಅನ್ನುವ ಬಾತುಕೋಳಿ ಗಾತ್ರದ ಡೈನೋಸಾರ್ ವರದಿಯಾಯಿತು. ಹೆಸರಿನ ಅರ್ಥ ಮಲಗಿದ ಡ್ರ್ಯಾಗನ್. ಕಾಲು ಮಡಚಿ, ತಲೆಯನ್ನು ಮುಂಗೈ ಪಕ್ಕ ತುರುಕಿ, ಹಾಗೇ ಮಲಗಿದಂತೆ ಕಲ್ಲಾಗಿದೆ. ನಡಿಗೆಯದು ಚಿಲಿ ದೇಶದ ಪ್ರಯೋಗ, 2014ರದು. ಕೋಳಿಮರಿಗಳಿಗೆ ಹಿಂದೆ ಕೋಲಿನ ಬಾಲ ಕಟ್ಟಿ ಬೆಳೆಸಿದರು. ಭಾರ ಹಿಂದಕ್ಕೆ ಹೋದಾಗ ಅವು ತೊಡೆಯನ್ನು ಆಡಿಸಿ ನಡೆಯಲು ಶುರು ಮಾಡಿದವು. ಡೈನೋಸಾರ್ ನಡೆದಿರಬೇಕು ಅಂದುಕೊಂಡ ಹಾಗೆ.

ಮುಧೋಳದ ಅವ್ವ

ಭಾನುವಾರದ ಸುದ್ದಿ. ಮನೆಯಲ್ಲಿ ಕೋಳಿ ಸಾರು, ಜೋಳದ ರೊಟ್ಟಿ ಆಯಿತು. ಎಲ್ಲರೂ ಉಂಡ ಮೇಲೆ ಮಗ ಮೂಳೆಗಳನ್ನೆಲ್ಲ ಕೇಳಿ ಇಸಿದುಕೊಂಡ. ಪೇಪರ್ ಹಾಸಿ ಜೋಡಿಸಿದ. ಕವಲು ಮೂಳೆ ಮುರಿಯದೆ ಸಿಕ್ಕಿತು. ರೆಕ್ಕೆಯ ತುದಿಯಲ್ಲಿ ಮೂರು ಬೆರಳಿನ ಗುರುತು ಸಿಕ್ಕಿತು, ಒಂದು ಬಹಳ ಸಣ್ಣದು, ಎರಡು ಕೂಡಿಕೊಂಡವು. ಇಷ್ಟು ವರ್ಷ ಕೋಳಿ ಹೆಚ್ಚಿದ್ದೇನೆ, ಅದರ ರೆಕ್ಕೆಯೊಳಗೆ ಒಂದು ಕೈ ಇದೆ ಅಂತ ನಾನು ನೋಡಿಯೇ ಇರಲಿಲ್ಲ.

ಟಿಳಕವಾಡಿ ಮಾಸ್ತರ

ಬಾಲದ ತುದಿಯ ಗೂಟದಂಥ ಮೂಳೆಯನ್ನೂ ನೋಡಲು ಹೇಳಿ ತಾಯಿ. ಉದ್ದ ಬಾಲದ ಕೊನೆಯ ಗಿಣ್ಣುಗಳೆಲ್ಲ ಕೂಡಿ ಆದದ್ದು ಅದು.

ಮುಧೋಳದ ಅವ್ವ

ಸೋಮವಾರ ಶಾಲೆಗೆ ಹೋಗಿ ಬಂದೆ. ಟೀಚರ್ ಒಳ್ಳೆಯವರು, ಪೂರ್ತಿ ಕೇಳಿಸಿಕೊಂಡರು. ಅಂಕ ಬದಲಿಸಲು ಆಗುವುದಿಲ್ಲ, ಎಲ್ಲ ಮಕ್ಕಳಿಗೂ ಒಂದೇ ಉತ್ತರ ನೋಡಿ ತಿದ್ದಿದ್ದೇನೆ ಅಂದರು. ನಾನೂ ಒತ್ತಾಯ ಮಾಡಲಿಲ್ಲ. ಮನೆತನದ ಉದಾಹರಣೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಗುರುವಾರ ಆ ಮೂಳೆಗಳನ್ನು ತರಲು ಹೇಳಿ, ಅವನೇ ಕ್ಲಾಸಿಗೆ ತೋರಿಸಲಿ ಅಂದರು. ಮಗ ಇವತ್ತು ಎರಡು ರೊಟ್ಟಿ ಜಾಸ್ತಿ ತಿಂದ.

ಈಗ ಒಂದು ತೊಂದರೆ. ಮೂಳೆ ವಾಸನೆ ಬರುತ್ತಿವೆ. ಗುರುವಾರದವರೆಗೆ ಇಡುವುದು ಹೇಗೆ?

ಕೋಳಿಫಾರಂ ಅಥಣಿ

ಬರೀ ನೀರಲ್ಲಿ ಸಣ್ಣ ಉರಿಯಲ್ಲಿ ಇನ್ನೊಮ್ಮೆ ಕುದಿಸಿ ಅಕ್ಕಾ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಳಿದ ಮಾಂಸ ತೆಗೆಯಿರಿ. ಆಮೇಲೆ ಸೋಪಿನ ಪುಡಿ ಹಾಕಿದ ನೀರಲ್ಲಿ ಒಂದು ರಾತ್ರಿ ನೆನೆಸಿ ತೊಳೆಯಿರಿ. ಜಾಸ್ತಿ ಕುದಿಸಿದರೆ ಸಣ್ಣ ಮೂಳೆ ಮೆತ್ತಗಾಗಿ ಮುರಿಯುತ್ತವೆ.

ಮುಧೋಳದ ಅವ್ವ

ಬಿಸಿಲಿಗೆ ಹಾಕಲಾ?

ಕೋಳಿಫಾರಂ ಅಥಣಿ

ಬೇಡ, ನೆರಳಲ್ಲಿ ಆರಲಿ. ಬೆಕ್ಕಿಗೆ ಸಿಗದ ಹಾಗೆ ಎತ್ತರದಲ್ಲಿ ಇಡಿ.